ಸೀಟಿನಡಿಯ ರಿಪೋರ್ಟು

ವಡ್ಡು, ಸಂಡೂರು ತಾಲೂಕು
12-2-2007, ಸೋಮವಾರ

ಮೊಮ್ಮಗ ವೀರೇಶನಿಗೆ ಅಜ್ಜಿಯ ಆಶೀರ್ವಾದ.

ಆರಾಮಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಕಾರವಾರದ ದಾರಿಯ ಧಾಬಾಗಳೇ ಗತಿಯೋ? ನನ್ನ ಮೊಣಕಾಲು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ. ಅದಿರಿನ ಧೂಳಿಗೆ ಒಣಹಾಕಿದ ಸೀರೆಗಳೆಲ್ಲ ಕೆಂಪಾಗಿವೆ. ಹೊಸ ಬಣ್ಣ ಅಂತ ಉಡುತ್ತಿದ್ದೇನೆ. ನಿನ್ನ ಮೊಬೈಲ್ ನಾಲ್ಕು ದಿನದಿಂದ ಬಂದ್. ಲಾರಿ ಓಡುತ್ತದೆ, ಫೋನಿಗೇನು ಬಂತು ರೋಗ?

ಮೊನ್ನೆ ಶನಿವಾರ ನಿನ್ನ ಹೆಂಡತಿ ಶೈಲಜಾಳನ್ನು ಹೊಸಪೇಟೆಯ ಡಾಕ್ಟರಮ್ಮನ ಹತ್ತಿರ ನಾನೇ ಎಳೆದುಕೊಂಡು ಹೋದೆ. ಐದು ವರ್ಷವಾದರೂ ಕೂಸಿಲ್ಲ, ದೋಷ ಅವಳದೇ ಎಂದು ಬಸ್ಸಿನ ದಾರಿಯುದ್ದಕ್ಕೂ ಬೈದೆ. ಹುಡುಗಿ ಡಾಕ್ಟರಮ್ಮನ ಮುಂದೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ದೀಪಾವಳಿಯಲ್ಲಿ ನೀನು ಕದ್ದು ಮಾಡಿಸಿದ್ದ ವೀರ್ಯ ಪರೀಕ್ಷೆಯ ರಿಪೋರ್ಟು. ನಿನ್ನ ಲಾರಿಯ ಸೀಟಿನಡಿ ಅವಳಿಗೆ ಸಿಕ್ಕಿತ್ತಂತೆ. ಅದನ್ನಿಟ್ಟುಕೊಂಡೂ ನಮ್ಮ ಬೈಗಳನ್ನೆಲ್ಲ ನುಂಗಿದ್ದಾಳೆ.

'ಬೀಜ ಬೇಕಾದಷ್ಟು ಅದಾವ್ರಿ ಅಮ್ಮಾ, ಆದ್ರ ನೆಟ್ಟಗ ಈಜಾಕ ಬರವಲ್ದು' ಎಂದ ಡಾಕ್ಟರಮ್ಮ, ಎರಡನೇ ಕ್ಲಾಸಷ್ಟೇ ಓದಿದ ನನಗೆ ಚಿತ್ರ ಬರೆದು ತೋರಿಸಿದಳು. ವೀರ್ಯಾಣು ಹುಟ್ಟಿದ ಕೂಡಲೇ ಈಜುವುದಿಲ್ಲವಂತೆ. ಸುರುಳಿ ಸುತ್ತಿದ ಉದ್ದದ ನಾಳವೊಂದನ್ನು ದಿನಗಟ್ಟಲೆ ದಾಟಬೇಕು. ಆ ನಾಳದ ಗೋಡೆಯಿಂದ ಕಣ್ಣಿಗೆ ಕಾಣದ ಗುಳ್ಳೆಗಳು ಪ್ರೋಟೀನ್ ಹೊತ್ತು ತಂದು ಅದಕ್ಕೆ ಕೊಡುತ್ತವೆ. ಆಮೇಲೇ ಅದಕ್ಕೆ ಈಜುವ, ಅಂಡವನ್ನು ಸೇರುವ ತಾಕತ್ತು. ಗಂಡನ ಮನೆಗೆ ಹೊರಟವಳಿಗೆ ಓಣಿಯ ಮನೆಮನೆಯವರೂ ಉಡಿ ತುಂಬಿದಂತೆ ಅಂದುಕೊಂಡೆ. ನಿನ್ನವಕ್ಕೆ ಉಡಿಯಲ್ಲಿ ಏನೋ ಕಡಿಮೆ ಬಿದ್ದಿರಬಹುದು. ಏನೆಂದು ಕೇಳಿದರೆ, 'ಅದು ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ' ಎಂದಳು. ಇಂಜಿನ್ ಕಾವಿನ ಮೇಲೆ ಹಗಲೆಲ್ಲ ಕೂರುವುದು ಬಿಡಬೇಕು, ಗುಟ್ಕಾ ಬಿಡಬೇಕು, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಅದಕ್ಕೂ ಆಗದಿದ್ದರೆ ಬೇರೆ ದಾರಿಗಳಿವೆಯಂತೆ.

ನಿನ್ನಪ್ಪ ಜಡೆಪ್ಪನಿಗೆ ಇದೇನೂ ತಿಳಿಯದು. 'ಬಂಜೀನ ಎಷ್ಟು ದಿನ ಇಟ್ಕೊಳ್ಳೂದು ಯವ್ವಾ?' ಎಂದು ಶೈಲಜಾಗೆ ಕೇಳುವಂತೆಯೇ ಅಂದು, ನಿನಗೆ ಕಂಪ್ಲಿಯ ಹುಡುಗಿಯನ್ನು ನೋಡಿ ಬಂದಿದ್ದಾನೆ. ಮೊಬೈಲ್ ಬಂದ್ ಆಗುವ ಮುಂಚೆ ನೀನೂ ಅವನಿಗೆ 'ನೀ ಹೆಂಗಂದ್ರ ಹಂಗಪ್ಪಾ' ಅಂದೆಯಂತೆ! ನಾಲಿಗೆ ಹೇಗೆ ಹೊರಳಿತೋ? ರಿಪೋರ್ಟು ನಾನೇ ಅವನ ಮುಖಕ್ಕೆ ಹಿಡಿಯುತ್ತಿದ್ದೆ. ಶೈಲಜಾ ಕೈ ಹಿಡಿದು, 'ಬ್ಯಾಡ ಅಜ್ಜಿ, ಅವರ ಬಾಯಿಂದನ ಬರಲಿ' ಎಂದಳು.

ವಿರೂಪಾಕ್ಷ ನಿನಗೆ ಆಯುಷ್ಯದ ಜೊತೆ ಸ್ವಲ್ಪ ಧೈರ್ಯವನ್ನೂ ಕೊಡಲಿ.

ನಿನ್ನ ಅಜ್ಜಿ
ಮರುಳಸಿದ್ದಮ್ಮ

ತಾ.ಕ.: ಕಾಗದ ಒಯ್ಯುವ ಹೊನ್ನೂರಪ್ಪ ಲಾರಿ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದಾನೆ. ಕಂಪ್ಲಿಯವರು ಭಾನುವಾರ ನಿಶ್ಚಯಕ್ಕೆ ಬರುತ್ತಾರೆ. ಶನಿವಾರದೊಳಗೆ ಬಂದು ನಿನ್ನಪ್ಪನ ಮುಂದೆ ಬಾಯಿ ಬಿಡು. ಬರದಿದ್ದರೆ ಈ ಮನೆಯಲ್ಲಿ ಎರಡನೇ ಮದುವೆ ಖಂಡಿತ ನಡೆಯುತ್ತದೆ, ಶೈಲಜಾಳದು. ಗಂಡನ್ನು ನಾನೇ ಹುಡುಕುತ್ತೇನೆ.