ಅಪ್ಪ ಹೇಳಿ ಕಳಿಸಿದ ಮಾತು

ಅಮ್ಮಾ,

ಇವತ್ತು ಅಪ್ಪನನ್ನು ಮರೆವಿನ ಕಾಯಿಲೆಯ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನೀನು ತೀರಿಕೊಂಡ ಮೇಲೆ ಅವರು ಯಾರೊಂದಿಗೂ ಮಾತಾಡದೆ ಕುಡಿಯುತ್ತಲೇ ಇದ್ದರು. ಈಗ ಗವಿಪುರದ ನಮ್ಮ ಬೀದಿಯೂ ಗುರುತು ಸಿಗುವುದಿಲ್ಲ. ಕುಡಿಯುವುದೂ ಮರೆತುಹೋಗಿದೆ.

"ಕುಡಿಯೋ ಅಭ್ಯಾಸ ಇದೆಯಾ?" ಎಂದು ಡಾಕ್ಟರು ಕೇಳಿದರು.

"ಇತ್ತು ಸಾರ್. ಶಕುಂತಲಾ ಅಳ್ತಿದ್ಲು. ಮದ್ವೆಯಾದ ವರ್ಷಾನೇ ಬಿಟ್ಬಿಟ್ಟೆ," ಎಂದು ನಿನ್ನ ಹೆಸರು ಹಿಡಿದೇ ಹೇಳಿದರು ಅಪ್ಪ. ಸುಳ್ಳು ಹೇಳುವಾಗ ಅವರ ಮುಖ ಹೇಗಾಗುತ್ತಿತ್ತೆಂದು ನಿನಗೆ ಗೊತ್ತಲ್ಲ. ಹಾಗಾಗಲಿಲ್ಲ.

ಡಾಕ್ಟರು ನನ್ನತ್ತ ನೋಡಿದರು. ನೀನಿದ್ದಾಗಲೂ ಬಿಟ್ಟಿರಲಿಲ್ಲ, ನೀನು ಹೋದ ಮೇಲೆ ಇನ್ನೂ ಹೆಚ್ಚಾಯಿತು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಮಿದುಳಿಗೆ ಕುಡಿತದಿಂದಲೂ ಪೆಟ್ಟು ಬಿದ್ದಿರಬಹುದು, ಮನಸ್ಸು ಕುಗ್ಗಿದಾಗಲೇ ಕರೆದುಕೊಂಡು ಬರಬೇಕಿತ್ತು ಎಂದರು. ತಲೆಯಾಡಿಸಿದೆ. ಅಪ್ಪ ಯಾರದೋ ಕಥೆ ಎಂಬಂತೆ ಎಲ್ಲವನ್ನೂ ಕೇಳಿ, "ಪಾಪ, ಅವನ ಹೆಂಡ್ತಿ ಹೆಂಗ್ ಬಾಳಿದ್ಲೋ," ಎಂದರು.

ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡರು. "ಮನೇಗ್ ಹೋದ್ಮೇಲೆ ಶಕುಂತಲಂಗೆ ಹೇಳಮ್ಮ, ಡಾಕ್ಟ್ರಿಗೂ ಹೇಳಿದೀನಿ, ಬಿಟ್ಟಿದೀನಿ ಅಂತ."

ಹೂಂ ಅಂದೆ.

ಅದಕ್ಕೇ ಬರೆಯುತ್ತಿದ್ದೇನೆ, ಅಮ್ಮಾ. ಅಪ್ಪ ಬಿಟ್ಟಿದ್ದಾರಂತೆ.