ಜಲಾಶಯದಲ್ಲಿ ಉಳಿದ ಕುಶಲಾಳ ವಿಷಯ

ಜಲವಿದ್ಯುತ್ ಯೋಜನೆಯ ಮಾನ್ಯ ಮುಖ್ಯ ಇಂಜಿನಿಯರರೇ,

ನಿಮ್ಮ ಜಲಾಶಯದೊಳಗೆ ನನ್ನ ಅಕ್ಕ ಕುಶಲಾ ಇದ್ದಾಳೆ. ಅವಳನ್ನು ಮನೆಗೆ ಕರೆದುಕೊಂಡು ಬರಲು ನಿಮ್ಮ ಕಚೇರಿ ಅನುಮತಿ ಕೊಡುತ್ತಿಲ್ಲ. ಗಾಬರಿಯಾಗಬೇಡಿ, ಅವಳು ಮುಳುಗಿ ಸತ್ತವಳಲ್ಲ. ಅಣೆಕಟ್ಟಿನ ಸುದ್ದಿಯೇ ಇಲ್ಲದಿದ್ದ ೧೯೭೧ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ಕಾಮಾಲೆಯಿಂದ ತೀರಿಕೊಂಡವಳು. ಇದರಲ್ಲಿ ಪೊಲೀಸರಿಗೆ ಕೆಲಸವಿಲ್ಲ, ನಿಮಗೆ ಉಂಟು.

ಕಳೆದ ಫೆಬ್ರವರಿಯಲ್ಲಿ ಮಣಿಪಾಲದ ಸಭೆಯಲ್ಲಿ ನೀವು ಮಾತನಾಡಿದಿರಿ. ಕಾಪುವಿನ ಶಾಲೆಯಿಂದ ಏಳನೆಯ ತರಗತಿಯ ಮಕ್ಕಳನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಟೀಚರು ನಾನೇ. ಕಲ್ಲಿದ್ದಲು ಉರಿದರೆ ಬೂದಿಯಾಗುತ್ತದೆ, ನೀರು ಮಾತ್ರ ಚಕ್ರ ತಿರುಗಿಸಿ ಮುಂದೆ ಹೋಗುತ್ತದೆ, ಕಡಲು ಸೇರಿ ಮರುವರ್ಷ ಮಳೆಯಾಗಿ ತಿರುಗಿ ಬರುತ್ತದೆ, ಇದು ಎಂದೂ ಮುಗಿಯದ ಶಕ್ತಿ, ಇದರಲ್ಲಿ ಯಾರಿಗೂ ಯಾವುದೂ ನಷ್ಟವಾಗುವುದಿಲ್ಲ ಎಂದಿರಿ. ಮಕ್ಕಳು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ವಿಜ್ಞಾನ ಕಲಿಸುವವಳು ನಾನು, ನೀರಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಯಾರಿಗೂ ಯಾವುದೂ ನಷ್ಟವಾಗುವುದಿಲ್ಲ ಎಂದು ನಿಮಗೆ ಹೇಳಿಕೊಟ್ಟವರು ಯಾರು? ತಿರುಗಿ ಬರುವುದು ನೀರೊಂದೇ ಎಂದು ತಿಳಿದಿದ್ದೀರಾ?

ಕಾರ್ಕಳದಿಂದ ಮೇಲೆ, ಘಟ್ಟದ ಬುಡದಲ್ಲಿ, ಒಂಬತ್ತು ಮನೆಗಳ ಊರು ನಮ್ಮದು. ಈಗ ನಿಮ್ಮ ನಕ್ಷೆಯಲ್ಲಿ ಆ ಜಾಗಕ್ಕೆ ನೀಲಿ ಬಳಿದಿದೆ, ಹೆಸರಿಲ್ಲ. ೧೯೭೫ರ ಆಟಿ ತಿಂಗಳ ಜಡಿಮಳೆಯಲ್ಲಿ, ಮುಳುಗುವ ಮನೆಗಳ ಜನರನ್ನು ಬರೆದುಕೊಳ್ಳಲು ನಿಮ್ಮ ಗುಮಾಸ್ತರೊಬ್ಬರು ಬಂದರು. ಅಂದು ನಮ್ಮಲ್ಲಿ ತೀರಿಹೋದವರಿಗೆ ಬಡಿಸುವ ದಿನ. ನಮ್ಮ ಕಡೆ ಸತ್ತವರನ್ನು ಕ್ರಿಯೆ ಮಾಡಿ ಮನೆಯೊಳಗೆ ಕರೆದುಕೊಳ್ಳುತ್ತೇವೆ. ಆಮೇಲೆ ಅವರು ಮನೆಯವರೇ. ವರ್ಷಕ್ಕೊಮ್ಮೆ ನಡುಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದು, ಅವರದ್ದಾದ ಮೇಲೆ ನಾವು ಉಣ್ಣುವುದು. ಮನೆಯಲ್ಲಿ ಎಷ್ಟು ಜನ ಎಂದು ಗುಮಾಸ್ತರು ಕೇಳಿದಾಗ ಅಮ್ಮ ಐದು ಎಂದರು. ಅಪ್ಪ ಕೂಸಪ್ಪ, ಅಮ್ಮ, ನಾನು, ತಮ್ಮ ವಾಸು, ಮತ್ತು ಕುಶಲಾ. ಅಜ್ಜ ಅಜ್ಜಿಯರನ್ನು ಸೇರಿಸಲಿಲ್ಲ, ಅವರು ಬಾಳಿ ತಣಿದು ದಾಟಿಹೋದವರು. ಹೆತ್ತ ಮಗಳನ್ನು ಬಿಟ್ಟು ಎಣಿಸಲು ಮಾತ್ರ ಅಮ್ಮನಿಗೆ ಬರಲಿಲ್ಲ. ಆಗಷ್ಟೇ ಅವಳಿಗೆ ಬಡಿಸಿ ಎದ್ದು ಬಂದಿದ್ದರು. ಹುಡುಗಿಗೆ ಮದುವೆಯಾಗಿದೆಯೇ ಎಂದು ಗುಮಾಸ್ತರು ಕೇಳಿದರು. ಇಲ್ಲ ಎಂದು ಅಮ್ಮ ಕಣ್ಣೊರಸಿಕೊಂಡರು. ಅವರು ಅದನ್ನೂ ಬರೆದುಕೊಂಡು ಹೋದರು.

ಮೂರು ವರ್ಷದ ಮೇಲೆ ಜೀಪಿನಲ್ಲಿ ಬಂದ ಅಧಿಕಾರಿ, ಪಟ್ಟಿ ಹಿಡಿದು ನಮ್ಮನ್ನು ಒಬ್ಬೊಬ್ಬರಾಗಿ ಅಂಗಳಕ್ಕೆ ಕರೆದರು. ನಾಲ್ವರು ನಿಂತೆವು. ಕುಶಲಾ ಎಲ್ಲಿ ಎಂದರು. ಒಳಗಿದ್ದಾಳೆ ಎಂದರು ಅಮ್ಮ. ಹಾಗಾದರೆ ಹೊರಗೆ ಕರೆಯಿರಿ ಎಂದರು ಅವರು. ನಾನು ಆಗಷ್ಟೇ ಟೀಚರ್ ತರಬೇತಿ ಮುಗಿಸಿದ್ದೆ. ಜೀಪಿನವರ ಮುಂದೆ ನನಗೆ ಅಮ್ಮನ ಮಾತಿಗೆ ನಾಚಿಕೆಯಾಯಿತು.

"ಅಂಥವರು ಯಾರೂ ಇಲ್ಲ ಸರ್" ಎಂದೆ.

ಇಲ್ಲದವರ ಹೆಸರು ಸೇರಿಸಿ ವಂಚಿಸಿದವರೆಂದು ನಮ್ಮ ಇಡೀ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿದರು. ಉಳಿದ ಎಂಟು ಮನೆಯವರಿಗೆ ಬೇರೆ ನಿವೇಶನ ಸಿಕ್ಕಿತು. ೧೯೮೦ರಲ್ಲಿ ನೀರು ಬಂತು. ಮನೆ ಬಿಡುವಾಗ ಒಳಗಿನವರನ್ನು ದೀಪ ಹಿಡಿದು, ಹೆಸರು ಹೇಳಿ ಕರೆದು, ಹೊಸ ಹೊಸ್ತಿಲು ದಾಟಿಸಬೇಕು. ನಾವು ಹೊರಟದ್ದು ಕಾಪುವಿನ ಬಾಡಿಗೆ ಕೋಣೆಗೆ. ಇನ್ನೊಬ್ಬರ ಹೊಸ್ತಿಲಿಗೆ ನಮ್ಮವರನ್ನು ಕರೆಯುವ ಕ್ರಮ ನಮ್ಮಲ್ಲಿಲ್ಲ. ಮನೆ ಕಟ್ಟಿದ ಮೇಲೆ ಬರುತ್ತೇನೆ ಎಂದು ನಡುಕೋಣೆಗೆ ಹೇಳಿ ಅಮ್ಮ ಹೊರಗೆ ಬಂದರು.

ಆ ಬಾಡಿಗೆ ಕೋಣೆಯಲ್ಲಿ ನಿಮ್ಮ ಕರೆಂಟು ಇತ್ತು. ಮುಸ್ಸಂಜೆ ವೋಲ್ಟೇಜ್ ಇಳಿದು ಬಲ್ಬು ಕೆಂಪಾದಾಗಲೆಲ್ಲ ಅಮ್ಮ ಮಲ್ಲಿಗೆ ಕಟ್ಟುವ ಕೈ ನಿಲ್ಲಿಸಿ ಬಲ್ಬಿನ ಕಡೆ ನೋಡಿ ಅಕ್ಕನನ್ನು ಕೇಳುತ್ತಿದ್ದರು:

"ಎಂತ ಮಗಾ, ಹಸಿವಾಗ್ತದಾ?"

ಊರೆಲ್ಲ ಒಟ್ಟಿಗೆ ದೀಪ ಹಾಕಿದರೆ ಹಾಗಾಗುತ್ತದೆ ಎಂದು ನಾನು ವಿವರಿಸಿದೆ. ಕರೆಂಟು ಬರುವುದು ಎಲ್ಲಿಂದ ಎಂದು ಅಮ್ಮ ಕೇಳಿದರು. ನೀರಿನಿಂದ ಎಂದೆ. ಆ ನೀರು ನಿಂತಿರುವುದು ಯಾರ ಮನೆಯ ಮೇಲೆ ಎಂದರು. ಮಕ್ಕಳಿಗೆ ಇದೇ ಪಾಠ ಹೇಳುವವಳು ನಾನು. ಹೋದ ವರ್ಷ ಒಂದು ಸಂಜೆ ನಾನೊಬ್ಬಳೇ ಇದ್ದಾಗ ಬಲ್ಬು ಮಂಕಾಯಿತು. ಹಸಿವಾಗ್ತದಾ ಎಂದು ನನ್ನ ಬಾಯಿಂದಲೂ ಅದೇ ಮಾತು ಬಂತು. ನನಗೆ ಹೆದರಿಕೆಯಾಯಿತು, ಮಾನ್ಯರೇ. ಅಂದು ಅಂಗಳದಲ್ಲಿ ನಾನು ಆಡಿದ ಮಾತು ಒಳಗಿದ್ದವಳಿಗೆ ಕೇಳಿಸಿರಲೇಬೇಕು.

ಈಗ ವಾಸು ಶಂಕರಪುರದಲ್ಲಿ ಪುಟ್ಟ ಮನೆ ಕಟ್ಟಿದ್ದಾನೆ. ನಮಗೊಂದು ಸ್ವಂತ ಹೊಸ್ತಿಲಾಯಿತು. ಆಟಿಯಲ್ಲಿ ನಿಮ್ಮ ಜಲಾಶಯ ತುಂಬಿರುತ್ತದೆ. ಬೇಸಿಗೆ ಬಲಿತಾಗ ಮಾತ್ರ ನೀರು ಇಳಿದು, ನಮ್ಮ ಮನೆಯ ಕಲ್ಲಿನ ಹೊಸ್ತಿಲು ಕೆಸರಿನಿಂದ ಮೇಲೆ ಕಾಣುತ್ತದೆ. ಮೊನ್ನೆ ನಾವು ನಾಲ್ವರೂ ದೀಪ ಹಿಡಿದು ಹೋದೆವು. ಒಳಗಿರುವ ಅಕ್ಕನನ್ನು ಕರೆದೊಯ್ಯಲು ಬಂದೆವು ಎಂದಾಗ ಗೇಟಿನ ಕಾವಲುಗಾರ ಪಾಸ್ಕಲ್ ತಡೆದರು. ಅವರು ಕೆಟ್ಟವರಲ್ಲ, ಅಮ್ಮನಿಗೆ ಕುಳಿತುಕೊಳ್ಳಲು ತಮ್ಮ ಸ್ಟೂಲು ಕೊಟ್ಟರು.

"ನನಗೂ ತೀರಿಹೋದವರಿದ್ದಾರೆ ಅಕ್ಕ" ಎಂದರು. "ಆದ್ರೆ ಸಾಹೇಬರು ಪುಸ್ತಕ ನೋಡ್ತಾರೆ. ಒಳಗೆ ಹೋದವರೆಷ್ಟು, ಹೊರಗೆ ಬಂದವರೆಷ್ಟು, ಅದು ಸರಿ ಬರ್ಬೇಕು."

ನಿಮ್ಮ ಕಚೇರಿಗೆ ಅರ್ಜಿ ಕೊಟ್ಟೆ. ಉತ್ತರ ಬೇಗನೆ ಬಂತು, ಅದಕ್ಕೆ ವಂದನೆಗಳು. ಕುಶಲಾ ಎಂಬ ಹೆಸರಿನವರು ಯಾರೂ ಇಲ್ಲವೆಂದು ಹಿಂದೆಯೇ ತೀರ್ಮಾನವಾಗಿರುವುದರಿಂದ ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ಕೆಳಗಿದ್ದ ಸಹಿ ಬೇರೆಯವರದ್ದು, ಮಾತು ನನ್ನದೇ. ಅದನ್ನು ಅಮ್ಮನಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ.

ನಿವೇಶನ ಬೇಡ, ನಿಮ್ಮ ಕ್ಷಮೆಯೂ ಬೇಡ. ನನ್ನ ಮಾತನ್ನು ನಾನು ಹಿಂತೆಗೆದುಕೊಂಡಿದ್ದೇನೆ, ನೀವೂ ಹಿಂತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ಒಂದು ಹಗಲು ಗೇಟು ತೆರೆಸಿ. ಪಾಸ್ಕಲ್ ಅವರಿಗೆ ತೊಂದರೆಯಾಗದಂತೆ ಪುಸ್ತಕದಲ್ಲಿ ಹೇಗೆ ಬರೆಯಬೇಕೆಂದು ಲಿಖಿತ ಆದೇಶ ಕೊಡಿ: ಒಳಗೆ ಹೋದವರು ನಾಲ್ವರು, ಹೊರಗೆ ಬಂದವರು ಐವರು.

ಇಂತಿ,
ಅಂಗಳದಲ್ಲಿ ನಿಂತು ಅಕ್ಕನನ್ನು ಇಲ್ಲವೆಂದವಳು,
ಪ್ರಭಾವತಿ
ಶಂಕರಪುರ, ಮೇ ೧೯೮೭