ಸೋಮವಾರದ ಪರೀಕ್ಷೆಗೆ ಮುನ್ನ

ಡಾಕ್ಟರ್ ಅವರಿಗೆ ನಮಸ್ಕಾರ.

ತಲೆಗೆ ಪೆಟ್ಟಾದ ಬಸ್ ಡ್ರೈವರ್‌ನ ಹೆಂಡತಿ ನಾನು. ಬಣ್ಣ, ಆಕಾರ ಇಲ್ಲವೇ ಸಂಖ್ಯೆ ನೋಡಿ ಕಾರ್ಡು ಜೋಡಿಸುವ ನಿಮ್ಮ ಪರೀಕ್ಷೆಯಲ್ಲಿ ನಡುವೆ ನಿಯಮ ಬದಲಾದರೂ, ನೀವು ಎಷ್ಟು ಸಲ ‘ತಪ್ಪು’ ಎಂದರೂ, ಅವರು ಬಣ್ಣವನ್ನೇ ಹಿಡಿದು ಕೂತರು. ಈಗ ಬಣ್ಣವಾದ ಮೇಲೆ ಆಕಾರ, ಆಮೇಲೆ ಸಂಖ್ಯೆ ಎಂದು ಬಾಯಿಪಾಠ ಮಾಡಿದ್ದಾರೆ. ಸೋಮವಾರ ಖಂಡಿತ ಪಾಸಾಗುತ್ತಾರೆ.

ನಿನ್ನೆ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದರು. ಸೇತುವೆ ಅಗೆದು, ಅಡ್ಡ ಹಗ್ಗ ಕಟ್ಟಿದ್ದರು.

“ಅಪ್ಪಾ, ದಾರಿ ಮುಚ್ಚಿದೆ!”

“ದಿನಾ ಹೋಗೋ ದಾರಿನೇ ಇದು, ಸುಮ್ನಿರು.”

ಕೆಲಸದವರು ಓಡಿಬಂದು ಹಿಡಿದದ್ದರಿಂದ ಇಬ್ಬರೂ ಉಳಿದರು.

“ಮತ್ತೆ ಬಸ್ ಓಡಿಸೋಕೆ ಸರ್ಟಿಫಿಕೇಟ್ ಕೊಡ್ಲಿ ಅಂತ ನೀನೂ ಡಾಕ್ಟರಿಗೆ ಒಂದ್ಮಾತು ಬರಿ” ಎಂದು ಅವರೇ ನನ್ನನ್ನು ಕೂರಿಸಿದ್ದಾರೆ. ಎದುರಿಗೇ ಇದ್ದಾರೆ; ಅದನ್ನೇ ಬರೆಯುತ್ತಿದ್ದೇನೆ ಎಂದು ನಂಬಿದ್ದಾರೆ. ದಯವಿಟ್ಟು ಅವರು ಈವರೆಗೆ ಕಾಣದ ಬೇರೆ ಪರೀಕ್ಷೆ ಕೊಡಿ. ಫಲಿತಾಂಶ ಹೇಳುವಾಗ ನನ್ನನ್ನೂ ಒಳಗೆ ಕರೆಯಿರಿ; ಆಗ ನಾನು ಅವರ ಪಕ್ಕದಲ್ಲಿರಬೇಕು.

ಇಂತಿ,
ಡ್ರೈವರ್‌ನ ಹೆಂಡತಿ